ಕಾಫಿ ಕೌಂಟರಿನ ಮುಂದೆ ತಡವರಿಕೆ

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿ ತೆರೆದಾಗ ಕಾಫಿ ಈ ಊರಿಗೆ ಹೊಸದೇನಾಗಿರಲಿಲ್ಲ. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳ ಬೀಜ ಇಲ್ಲಿನ ಅಡುಗೆಮನೆಗಳಲ್ಲಿ ತಲೆಮಾರುಗಳಿಂದ ಡಿಕಾಕ್ಷನ್ ಆಗಿ ಇಳಿಯುತ್ತಿತ್ತು. ಆದರೂ ದಿನಕ್ಕೆ ಮೂರು ಸಲ ಕಾಫಿ ಕುಡಿಯುವವರೇ ಇಂಥ ಅಂಗಡಿಗೆ ಮೊದಲ ಸಲ ಹೋದಾಗ ಕೌಂಟರಿನ ಮುಂದೆ ತಡವರಿಸುತ್ತಾರೆ. ಹೊಸಬರ ಅಜ್ಞಾನ, ಇಂಗ್ಲಿಷಿನ ಅಂಜಿಕೆ, ಊರ ಕಡೆಯವರ ಸಂಕೋಚ ಎಂದೆಲ್ಲ ಇದಕ್ಕೆ ಕಾರಣ ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಕಾಫಿ ಕೇಳುವ ಪದ್ಧತಿ ಹೇಗೆ ಬದಲಾಯಿತೆಂದು ನೋಡಿದರೆ, ಕೇಳುವವರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಹಿಂದೆ ಅಂಗಡಿಯವನು ಮಾಡುತ್ತಿದ್ದ ಕೆಲಸ ಈಗ ಗಿರಾಕಿಯ ಹೆಗಲಿಗೆ ಬಿದ್ದಿದೆ, ಅಷ್ಟೇ.

ಉಡುಪಿ, ಕುಂದಾಪುರದ ಕಡೆಯವರು ಊರೂರಿನಲ್ಲಿ ನಡೆಸಿದ ಹೋಟೆಲುಗಳಲ್ಲಿ ಗಿರಾಕಿ ಏನನ್ನೂ ಓದಿಕೊಂಡು ಬರಬೇಕಿರಲಿಲ್ಲ. ಕೂತವನ ಬಳಿಗೆ ಮಾಣಿ ಬರುತ್ತಿದ್ದ, ಏನೇನಿದೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಕೊನೆಗೆ ‘ಕಾಫಿ’ ಎಂದರೆ ಮುಗಿಯಿತು, ಅದಕ್ಕೊಂದು ಗೊತ್ತಾದ ರೂಪವಿತ್ತು. ಲೋಟದ ತಳಕ್ಕೆ ಡಿಕಾಕ್ಷನ್, ಸಕ್ಕರೆ, ಮೇಲಿಂದ ಕಾದ ಹಾಲು. ಎತ್ತಿ ಸುರಿದು ನೊರೆ ಬರಿಸಿದರೆ ಕಾಫಿ ಸಿದ್ಧ. ಆ ರೂಪ ಬೇಡವಾದವರು ಮಾತ್ರ ಬಾಯಿ ಬಿಡಬೇಕಿತ್ತು: ಸ್ಟ್ರಾಂಗು, ಲೈಟು, ಸಕ್ಕರೆ ಕಮ್ಮಿ, ಇಬ್ಬರಿದ್ದರೆ ಬೈಟು. ಇವೂ ಪರಿಭಾಷೆಯೇ ಅಲ್ಲವೇ, ಇವನ್ನೂ ಕಲಿಯಬೇಕಿತ್ತಲ್ಲವೇ ಎಂದು ಕೇಳಬಹುದು. ಕಲಿಯಬೇಕಿತ್ತು ನಿಜ, ಆದರೆ ಅದು ಕಿವಿಯಿಂದಲೇ ಬರುತ್ತಿತ್ತು. ಪಕ್ಕದ ಟೇಬಲಿನವರು ಹೇಳಿದ್ದನ್ನು ಮಾಣಿ ಒಳಗೆ ಕೂಗುತ್ತಿದ್ದ. ಎರಡು ದಿನ ಕೂತವನಿಗೆ ಅಷ್ಟೂ ಮಾತು ಗೊತ್ತು. ಗೊತ್ತಿಲ್ಲದವನಿಗೂ ಕಾಫಿಯೇನು ತಪ್ಪುತ್ತಿರಲಿಲ್ಲ.

ಹಾಗಾದರೆ ತಡವರಿಕೆಗೆ ಕಾರಣ ಸರತಿ ಸಾಲೇ, ಮೊದಲೇ ಹಣ ಕೊಡುವ ನಿಯಮವೇ? ಅದೂ ಅಲ್ಲವೆಂಬುದಕ್ಕೆ ನಮ್ಮ ದರ್ಶಿನಿಗಳೇ ಸಾಕ್ಷಿ. 1980ರ ದಶಕದಲ್ಲಿ ಬೆಂಗಳೂರಿನ ಜಯನಗರದಿಂದ ಹಬ್ಬಿದ ಈ ಹೋಟೆಲುಗಳಲ್ಲಿ ಮಾಣಿಯಿಲ್ಲ, ಕುರ್ಚಿಯೂ ಇಲ್ಲ. ಮೊದಲು ಕ್ಯಾಷಿಯರಿಗೆ ದುಡ್ಡು, ಆಮೇಲೆ ಟೋಕನ್, ಬೆನ್ನ ಹಿಂದೆ ಅವಸರದ ಜನ. ಆದರೂ ಅಲ್ಲಿ ‘ಒಂದು ಕಾಫಿ’ ಎನ್ನಲು ಯಾರೂ ಹಿಂಜರಿಯುವುದಿಲ್ಲ, ಏಕೆಂದರೆ ಕಾಫಿಯ ಗೊತ್ತಾದ ರೂಪ ಅಲ್ಲಿಯೂ ಉಳಿದಿದೆ. ಇನ್ನೂ ಗಟ್ಟಿಯಾದ ಸಾಕ್ಷಿ ಇಟಲಿಯದು. ಎಸ್ಪ್ರೆಸೊ ಯಂತ್ರ ಹುಟ್ಟಿ ಬೆಳೆದ ಆ ದೇಶದ ಬಹಳಷ್ಟು ಕಾಫಿ ಬಾರುಗಳಲ್ಲಿ ಮೊದಲು ಗಲ್ಲಾದಲ್ಲಿ ಹಣ ಕೊಟ್ಟು, ಚೀಟಿ ಹಿಡಿದು, ಕಟ್ಟೆಯ ಬಳಿ ನಿಂತೇ ಕುಡಿಯುವುದು ರೂಢಿ. ಅಲ್ಲಿ ‘ಕಾಫೆ’ ಎಂದರೆ ಬೇರೆ ಪ್ರಶ್ನೆಯಿಲ್ಲದೆ ಒಂದು ಸಣ್ಣ ಎಸ್ಪ್ರೆಸೊ ಮುಂದೆ ಬರುತ್ತದೆ. ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಕಂಪನಿಯ ಹೊವರ್ಡ್ ಶುಲ್ಟ್ಜ್ 1983ರಲ್ಲಿ ಮಿಲಾನಿನಲ್ಲಿ ಕಂಡು ಮರುಳಾದದ್ದು ಇಂಥ ಬಾರುಗಳಿಗೆ. 1987ರಲ್ಲಿ ಸ್ಟಾರ್‌ಬಕ್ಸ್ ಅವರ ಕೈಗೆ ಬಂದ ಮೇಲೆ ಆ ಬಾರು ಅಮೆರಿಕದಲ್ಲಿ ಬೇರೆಯೇ ಆಯಿತು. ಲೋಟದ ಅಳತೆ ಮೂರು ನಾಲ್ಕಾದವು, ಹಾಲಿನಲ್ಲಿ ಬಗೆಗಳು ಬಂದವು, ಸಿಹಿಪಾಕಗಳು ಸೇರಿದವು. ಪಾನೀಯವನ್ನು ಬಿಡಿಭಾಗಗಳಾಗಿ ಕಳಚಿ, ಜೋಡಿಸುವ ಆಜ್ಞೆಯನ್ನು ಗಿರಾಕಿಯ ಬಾಯಿಂದಲೇ ಹೊರಡಿಸುವ ಪದ್ಧತಿ ನೆಲೆಯಾದದ್ದು ಅಲ್ಲಿ. ನಮ್ಮ ಊರುಗಳಿಗೆ ಬಂದದ್ದೂ ಮುಖ್ಯವಾಗಿ ಇದೇ.

ಇಷ್ಟು ಹೇಳಿದ ಕೂಡಲೇ ಏಳುವ ಆಕ್ಷೇಪ ತೂಕದ್ದು. ಹಳೆಯ ಹೋಟೆಲು ಎಲ್ಲರನ್ನೂ ಬರಮಾಡಿಕೊಂಡಿತೇ? ಇಲ್ಲ. ಇಂದಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರೇ ಬ್ರಾಹ್ಮಣ ಕಾಫಿ ಕ್ಲಬ್. ಜಾತಿಯ ಕಾರಣಕ್ಕೆ ಹೋಟೆಲಿನ ಪ್ರವೇಶ ತಡೆಯಬಾರದೆಂದು ಸಂವಿಧಾನದ 15ನೇ ವಿಧಿಯೇ ಹೇಳಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಪ್ರತ್ಯೇಕ ಕಾಯ್ದೆಯೂ ಬಂತು. ಅದಾದ ಮೇಲೂ ಹಳ್ಳಿಯ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವುದು ನಿಲ್ಲಲಿಲ್ಲ. ಹೆಂಗಸರಿಗೆ ಪರದೆಯ ಹಿಂದಿನ ಫ್ಯಾಮಿಲಿ ರೂಮು. ಒಬ್ಬ ಹುಡುಗಿ ಒಂದು ಕಪ್ ಮುಂದಿಟ್ಟುಕೊಂಡು ಎರಡು ಗಂಟೆ ಒಬ್ಬಳೇ ಓದುತ್ತ ಕೂರಲು ಹೊಸ ಕಾಫಿ ಶಾಪು ಜಾಗ ಕೊಟ್ಟಿದೆ. ಅದು ಸಣ್ಣ ಮಾತಲ್ಲ, ಅದನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಆ ಸ್ವಾತಂತ್ರ್ಯ ಬಂದದ್ದು ಕಾನೂನಿನಿಂದ, ಹೋರಾಟದಿಂದ, ನಗರದ ಬದುಕು ಬದಲಾದದ್ದರಿಂದ. ಲೋಟದ ಅಳತೆಗೆ ನಾಲ್ಕು ಹೆಸರಿಟ್ಟಿದ್ದರಿಂದ ಅಲ್ಲ. ಜಾತಿ ಕೇಳದ ಬಾಗಿಲಿನಲ್ಲೂ ಬೆಲೆಪಟ್ಟಿ ಓದಲು ಬಾರದವರು ಹಿಂದೆ ಸರಿಯುವುದಾದರೆ, ಅದನ್ನು ಇನ್ನೊಂದು ಬಗೆಯ ತಡೆ ಎಂದೇ ಕರೆಯಬೇಕು.

ಆ ತಡೆ ಕಂಡಷ್ಟು ಎತ್ತರವಿಲ್ಲ. ಪಟ್ಟಿಯ ಬಿಸಿ ಕಾಫಿಗಳಲ್ಲಿ ಹೆಚ್ಚಿನವಕ್ಕೆ ಬುನಾದಿ ಒಂದೇ: ಒತ್ತಡದ ಬಿಸಿನೀರು ಅರ್ಧ ನಿಮಿಷದೊಳಗೆ ಪುಡಿಯ ಮೂಲಕ ಇಳಿಸುವ ಸುಮಾರು 30 ಮಿಲಿಲೀಟರ್ ಎಸ್ಪ್ರೆಸೊ. ಬಿಸಿನೀರು ಸೇರಿಸಿದರೆ ಅಮೆರಿಕಾನೊ, ಹಾಲಿನ ಮೇಲೆ ದಪ್ಪ ನೊರೆಯಿದ್ದರೆ ಕ್ಯಾಪುಚಿನೊ, ಹಾಲು ಹೆಚ್ಚಿ ನೊರೆ ತೆಳುವಾದರೆ ಲಾಟೆ, ಚಾಕೊಲೇಟ್ ಸೇರಿದರೆ ಮೋಕಾ. ಡಿಕಾಕ್ಷನ್ನಿಗೆ ಎಷ್ಟು ಹಾಲೆಂದು ಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ. ‘ಹಾಲಿನದು, ಸ್ಟ್ರಾಂಗ್ ಆಗಿರಲಿ, ಚಿಕ್ಕ ಕಪ್ಪು ಸಾಕು’ ಎಂದು ಹಳೆಯ ಹೋಟೆಲಿನ ರೀತಿಯಲ್ಲೇ ಕೇಳಬಹುದು. ಸಕ್ಕರೆಯನ್ನು ಸಾಮಾನ್ಯವಾಗಿ ನಾವೇ ಹಾಕಿಕೊಳ್ಳಬೇಕೆಂಬುದನ್ನು ನೆನಪಿಟ್ಟರಾಯಿತು. ಆ ವರ್ಣನೆಗೆ ಯಾವ ಹೆಸರು ಹೊಂದುತ್ತದೆಂದು ಹೇಳುವುದು ಯಂತ್ರದ ಬಳಿ ನಿಂತವರ ಕೆಲಸ. ಕರ್ನಾಟಕದ ಅಂಗಡಿಯಾದರೆ ಹಲಗೆಯ ಮೇಲೆ ಪ್ರತಿ ಹೆಸರಿನ ಕೆಳಗೂ ಏನೇನಿದೆ, ಎಷ್ಟು ಮಿಲಿಲೀಟರ್ ಎಂದು ಕನ್ನಡದಲ್ಲಿ ಒಂದು ಸಾಲು ಬರೆದಿರಬೇಕು. ಒಮ್ಮೆ ಬರೆಸಿ ತೂಗುಹಾಕಲು ಯಾವ ಅಂಗಡಿಗೂ ಅದು ಹೊರೆಯಲ್ಲ.