ಅಜ್ಜಿಯ ಆಡಿಯೋ ಟ್ರ್ಯಾಕ್

ಕಳೆದ ತಿಂಗಳು ‘ಜಂಗಲ್ ಬುಕ್’ ಕಾರ್ಟೂನಿನ ಹಳೇ ಡಿವಿಡಿ ಸೆಟ್ ತರಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ ಅಂತ ಆಮೇಲೆ ಹೊಳೀತು. ಅದಕ್ಕೊಂದು ಡ್ರೈವ್ ಬೇರೆ ತರಿಸಿ, ಐದು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದೆ.

ನಮ್ಮ ತಲೆಮಾರಿಗೆ ಇದರ ಪರಿಚಯ ಬೇಕಿಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರ್ತಿತ್ತು. ಗುಲ್ಜಾರ್ ಹಾಡು, ವಿಶಾಲ್ ಭಾರದ್ವಾಜ್ ಸಂಗೀತ, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ. ಆದರೆ ಅದು ಎಲ್ಲೆಲ್ಲಿ ಸುತ್ತಿ ಬಂದಿತ್ತು ಅಂತ ಆಗ ನಮಗೆ ಗೊತ್ತಿರಲಿಲ್ಲ. ಕತೆ ಬರೆದ ರುಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದವರು. ಮಧ್ಯಪ್ರದೇಶದ ಸಿವನಿ ಸೀಮೆಯ ಕಾಡಿನ ಕತೆಯನ್ನು ಅವರು ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ ಕೂತು. ಪುಸ್ತಕ ಬಂದದ್ದು 1894ರಲ್ಲಿ. 1989ರಲ್ಲಿ ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಕಂಪನಿ ಅದನ್ನು 52 ಕಂತಿನ ಕಾರ್ಟೂನ್ ಮಾಡಿತು. ಅಲ್ಲಿಂದ ಹಿಂದಿ ಕಲಿತು ನಮ್ಮೂರಿಗೆ ಬಂತು. ಇಷ್ಟು ದೇಶ ತಿರುಗಿದ ಮೌಗ್ಲಿ ನಮ್ಮ ಹತ್ತಿರ ಮಾತ್ರ ಕನ್ನಡ ಆಡಲಿಲ್ಲ.

ನಮ್ಮೂರಲ್ಲಿ ಆಗ ಟೀವಿ ಇದ್ದದ್ದು ಎರಡೇ ಮನೆಯಲ್ಲಿ. ಪಕ್ಕದ ಮನೆ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹುಡುಗರು, ಹಿಂದೆ ಕಂಬಕ್ಕೆ ಒರಗಿಕೊಂಡು ನಮ್ಮಜ್ಜಿ. ಹಿಂದಿ ಯಾರಿಗೂ ಬರ್ತಿರಲಿಲ್ಲ. ಹಾಗಾಗಿ ಕತೆ ಹೇಳೋ ಕೆಲಸ ಅಜ್ಜಿಯದು. ಮೌಗ್ಲಿ ಎಸೆಯುತ್ತಿದ್ದ ಬೂಮರಾಂಗ್ ಅವಳ ಬಾಯಲ್ಲಿ ‘ಮಾಯದ ಕೋಲು’. ಶೇರ್ ಖಾನ್ ಬಂದಾಗಲೆಲ್ಲ, “ಇದೂ ಪುಣ್ಯಕೋಟಿ ಕತೆ ಹುಲೀನೇ ಕಣ್ರೋ. ನೋಡ್ತಿರಿ, ಕೊನೇಗೆ ನಾಚ್ಕೊಂಡು ಗುಡ್ಡದಿಂದ ಹಾರ್ಕೊಳ್ಳುತ್ತೆ” ಅನ್ನೋಳು. ಕೊನೇ ಕಂತಿನ ದಿನ ಕರೆಂಟಿರಲಿಲ್ಲ. ನಾನು ಅಜ್ಜಿ ಮಾತನ್ನೇ ನಂಬಿಕೊಂಡು ದೊಡ್ಡವನಾದೆ.

ಕನ್ನಡದಲ್ಲಿ ಯಾಕೆ ಬರಲಿಲ್ಲ? ದಿಲ್ಲಿಯಿಂದ ದೇಶಕ್ಕೆಲ್ಲ ಹೋಗ್ತಿದ್ದ ಕಾರ್ಯಕ್ರಮ ಅದು, ಹಿಂದಿಯಲ್ಲೇ ಹೋಗ್ತಿತ್ತು. ಇತ್ತ ನಮ್ಮಲ್ಲಿ 1960ರ ದಶಕದಿಂದಲೂ ಡಬ್ಬಿಂಗ್‌ಗೆ ಅಘೋಷಿತ ನಿಷೇಧ. ಹೊರಗಿನ ಸಿನಿಮಾ ನುಗ್ಗಿದರೆ ಇಲ್ಲಿನ ಕಲಾವಿದರ ಅನ್ನಕ್ಕೆ ಕುತ್ತು ಬರುತ್ತೆ ಅನ್ನೋ ಭಯ ಅದರ ಹಿಂದಿತ್ತು. ಆ ಕಾಲಕ್ಕೆ ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಆದರೆ ಅದರ ಬೆಲೆ ಕೊಟ್ಟವರು ಕನ್ನಡ ಒಂದೇ ಬರ್ತಿದ್ದ ನಮ್ಮಜ್ಜಿಯಂಥವರು. ಮಕ್ಕಳಿಗೆಂದೇ ಚಿಂಟು ಟೀವಿ ಬಂದದ್ದು 2009ರಲ್ಲಿ; ಅಷ್ಟೊತ್ತಿಗೆ ನನ್ನ ಬಿಇ ಮುಗಿದಿತ್ತು. ಡಬ್ಬಿಂಗ್ ತಡೆಯೋದು ಕಾನೂನಿಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಜ್ಜಿ ಆಗ ಇರಲಿಲ್ಲ.

ಒಂದು ಡಿವಿಡಿ ವಿಡಿಯೋದಲ್ಲಿ 8 ಆಡಿಯೋ ಟ್ರ್ಯಾಕ್ ಇಡಬಹುದು. ಅಂದ್ರೆ ಒಂದೇ ಚಿತ್ರಕ್ಕೆ 8 ಭಾಷೆ. ನನ್ನ ಡಿಸ್ಕ್ ಹಾಕಿ ನೋಡಿದೆ: ಇದ್ದದ್ದು ಒಂದೇ, ಹಿಂದಿ. ತಾಂತ್ರಿಕವಾಗಿ ಜಾಗ ಇತ್ತು. ನಾವು ಕೇಳ್ತೀವಿ ಅಂತ ಯಾರಿಗೂ ಅನ್ನಿಸಿರಲಿಲ್ಲ. ನಾವೂ ಗಟ್ಟಿಯಾಗಿ ಕೇಳಿರಲಿಲ್ಲ.

ಮಗಳು ಮಲಗಿದ ಮೇಲೆ ಕೊನೇ ಡಿಸ್ಕ್ ಒಬ್ಬನೇ ನೋಡಿದೆ. ಶೇರ್ ಖಾನ್ ನಾಚಿಕೊಳ್ಳೋದೂ ಇಲ್ಲ, ಗುಡ್ಡದಿಂದ ಹಾರೋದೂ ಇಲ್ಲ. ಕಿಪ್ಲಿಂಗ್ ಪುಸ್ತಕ ತೆಗೆದೆ. ಅಲ್ಲಿ ಮೌಗ್ಲಿ ಎಮ್ಮೆ ಹಿಂಡು ನುಗ್ಗಿಸಿ ಹುಲಿಯನ್ನು ಕೊಲ್ಲಿಸ್ತಾನೆ. ನಾನು ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದ ಜಂಗಲ್ ಬುಕ್ ಕಿಪ್ಲಿಂಗರದ್ದೂ ಅಲ್ಲ, ಜಪಾನಿನದೂ ಅಲ್ಲ. ಅರ್ಧಕ್ಕಿಂತ ಹೆಚ್ಚು ಅಜ್ಜಿಯದು. ಅದು ಯಾವ ಡಿಸ್ಕಿನಲ್ಲೂ ಸಿಗೋದಿಲ್ಲ.

ಮಾರನೇ ದಿನ ಮಗಳು, “ಪಪ್ಪಾ, ಇವ್ರು ಏನ್ ಮಾತಾಡ್ತಿದ್ದಾರೆ? ಕನ್ನಡದಲ್ಲಿ ಹಾಕು” ಅಂದಳು. ಸೌಂಡ್ ಪೂರ್ತಿ ಕಡಿಮೆ ಮಾಡಿ, ನಾನೇ ಶುರು ಮಾಡಿದೆ: “ಒಂದು ಕಾಡಿತ್ತಂತೆ...”