ಜೋತುಬೀಳದ ತಂತಿ

ಬಲ್ಬು ಹೋದರೆ ಅಪ್ಪ ಅದನ್ನು ಕೂಡಲೇ ಎಸೆಯುತ್ತಿರಲಿಲ್ಲ. ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ತುಂಡಾದ ತಂತಿಯ ತುದಿಗಳು ಮತ್ತೆ ಕೂಡಿಕೊಂಡರೆ ಇನ್ನೊಂದಷ್ಟು ದಿನ ಬೆಳಕು, ಅದೂ ಮೊದಲಿಗಿಂತ ಪ್ರಖರವಾಗಿ. ಆ ತಂತಿಗೂ ಒಂದು ಚರಿತ್ರೆಯಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅದು ಟಂಗ್‌ಸ್ಟನ್. ಲೋಹಗಳಲ್ಲೆಲ್ಲ ಕರಗಿಸಲು ಅತಿ ಹೆಚ್ಚು ಶಾಖ ಬೇಡುವಂಥದ್ದು, 3,422 ಡಿಗ್ರಿ ಸೆಲ್ಸಿಯಸ್. ಆದರೆ ಕರಗದೆ ಇರುವುದು ಬೇರೆ, ಬಲವಾಗಿ ನಿಲ್ಲುವುದು ಬೇರೆ. ಮೊದಮೊದಲು ಅದು ಒಣಕಡ್ಡಿಯಂತೆ ಮುರಿಯುತ್ತಿತ್ತು. ಅಮೆರಿಕದ ಸ್ಕೆನೆಕ್ಟಡಿಯಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದ ವಿಲಿಯಂ ಕೂಲಿಡ್ಜ್ 1910ರ ಹೊತ್ತಿಗೆ ಕಾಸಿ ಬಡಿದು, ಕಾಸಿ ಎಳೆದು ಅದನ್ನು ತಂತಿಯಾಗಿಸಿದರು.

ಬಲ್ಬು ಉರಿಯತೊಡಗಿದಾಗ ಹೊಸ ತಕರಾರು ಶುರುವಾಯಿತು. ಆ ಕಾವಿನಲ್ಲಿ ಲೋಹದೊಳಗಿನ ಸಣ್ಣ ಹರಳುಗಳನ್ನು ದೊಡ್ಡವು ನುಂಗುತ್ತ ತಂತಿಯ ಅಡ್ಡಗಲಕ್ಕೂ ಬೆಳೆಯುತ್ತಿದ್ದವು. ಹರಳುಗಳ ಗಡಿ ಬಿದಿರಿನ ಗಿಣ್ಣಿನಂತೆ ಅಡ್ಡಲಾಗಿ ಬಂತೆಂದರೆ ಅಲ್ಲೇ ಜಾರಿ ತಂತಿ ತುಂಡು. ಥೋರಿಯಂ ಆಕ್ಸೈಡ್ ಬೆರೆಸಿದರೆ ಹರಳುಗಳು ಸಣ್ಣದಾಗಿಯೇ ಉಳಿಯುತ್ತಿದ್ದವು. ಆಗ ಸುರುಳಿ ತನ್ನ ಭಾರಕ್ಕೇ ಜೋತುಬೀಳುತ್ತಿತ್ತು! 1913ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ರೂಪಿಸಿದ ಅನಿಲ ತುಂಬಿದ ಬಲ್ಬಿಗೆ ಒತ್ತೊತ್ತಾದ ಸುರುಳಿಯೇ ಜೀವಾಳ. ಅದು ಜೋತರೆ ಎಲ್ಲವೂ ವ್ಯರ್ಥ.

ಉತ್ತರದ ಸುಳಿವು ಸಿಕ್ಕಿದ್ದು ಮೂಸೆಯಲ್ಲಿ. ಇಂಗ್ಲೆಂಡಿನ ಬ್ಯಾಟರ್ಸೀ ಮಣ್ಣಿನ ಮೂಸೆಗಳಲ್ಲಿ ಕಾಸಿದ ಟಂಗ್‌ಸ್ಟನ್ ಆಕ್ಸೈಡಿನಿಂದ ಒಳ್ಳೆಯ ತಂತಿ ಬರುತ್ತಿತ್ತು. ಮಣ್ಣಿನಿಂದ ಇಳಿದ ಕಲ್ಮಶವೇ ಗುಣ ಕೊಡುತ್ತಿತ್ತು. ಹಂಗೇರಿ ಮೂಲದ ಅಲಾದಾರ್ ಪಾಟ್ಸ್ ಬೇಕೆಂದೇ ಪೊಟ್ಯಾಸಿಯಂ ಮತ್ತು ಸಿಲಿಕಾ ಬೆರೆಸಿ, 1922ರಲ್ಲಿ ಜೋತುಬೀಳದ ತಂತಿಗೆ ಪೇಟೆಂಟ್ ಪಡೆದರು. ಕೂಲಿಡ್ಜ್ ಹೆಸರು ಪಠ್ಯಪುಸ್ತಕಗಳಲ್ಲಿದೆ. ನನಗೆ ಪಾಟ್ಸ್ ಹೆಚ್ಚು ಇಷ್ಟ.

ಸೋಜಿಗವೆಂದರೆ, ಇದು ಏಕೆ ಕೆಲಸ ಮಾಡುತ್ತದೆಂಬುದು ಅವರಿಗೂ ಗೊತ್ತಿರಲಿಲ್ಲ. ಬೆರೆಸಿದ್ದರಲ್ಲಿ ಬಹುಪಾಲು ಕಾಸುವಾಗ ಆವಿಯಾಗಿ ಹೋಗುತ್ತಿತ್ತು. ನಾಲ್ಕು ದಶಕಗಳ ಕಾಲ ಕಾರ್ಖಾನೆಗಳು, ಅಜ್ಜಿಯ ಉಪ್ಪಿನಕಾಯಿಯ ಹದದಂತೆ, ಕಾರಣ ಕೇಳದೆ ಅದನ್ನು ಪಾಲಿಸಿದವು. 1960ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ತಂತಿಯೊಳಗೆ ಗುಳ್ಳೆಗಳ ಸಾಲುಗಳು ಕಂಡವು. ಅವುಗಳಲ್ಲಿದ್ದದ್ದು ಪೊಟ್ಯಾಸಿಯಂ, ಲಕ್ಷದಲ್ಲಿ ಹತ್ತು ಪಾಲೂ ಇಲ್ಲದಷ್ಟು. ಟಂಗ್‌ಸ್ಟನ್ನಿನಲ್ಲಿ ಕರಗಲಾರದ ಅದು, ತಂತಿ ಎಳೆಯುವಾಗ ನೂಲಿನಂತೆ ಉದ್ದವಾಗುತ್ತದೆ; ಕಾವೇರಿದಾಗ ಒಡೆದು ಸಾಲುಗುಳ್ಳೆಗಳಾಗುತ್ತದೆ. ಹರಳಿನ ಗಡಿ ಆ ಸಾಲನ್ನು ಸುಲಭಕ್ಕೆ ದಾಟಲಾರದು. ಹಾಗಾಗಿ ಹರಳುಗಳು ಅಡ್ಡಕ್ಕೆ ಬೆಳೆಯದೆ, ಹಗ್ಗದ ನಾರಿನಂತೆ ಉದ್ದುದ್ದಕ್ಕೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಅಪ್ಪ ಅಲ್ಲಾಡಿಸುತ್ತಿದ್ದ ಬಲ್ಬಿನ ತಂತಿಯಲ್ಲೂ ಈ ಗುಳ್ಳೆಗಳು ಇದ್ದಿರಬೇಕು.