ತಂಬಿಗೆಯ ಮುಂದೆ ಕೇಳದೆ ಉಳಿದ ಪ್ರಶ್ನೆ

ಪ್ಲೈವುಡ್ ಬಾಗಿಸಿ ಕುರ್ಚಿ ಮಾಡಿ ಹೆಸರಾದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಸುತ್ತಾಡಿ, 1958ರಲ್ಲಿ ಒಂದು ವರದಿ ಕೊಟ್ಟರು. ಸಣ್ಣ ಕೈಗಾರಿಕೆಗಳಿಗೆ ನೆರವಾಗುವ ವಿನ್ಯಾಸ ಶಿಕ್ಷಣ ಹೇಗಿರಬೇಕು, ದಿನಬಳಕೆಯ ವಸ್ತುಗಳ ಗುಣಮಟ್ಟ ಕುಸಿಯುವುದನ್ನು ತಡೆಯುವುದು ಹೇಗೆ ಎಂಬುದು ಅವರ ಮುಂದಿದ್ದ ಕೆಲಸ. ಗೀತೆಯ ಕರ್ಮಯೋಗದ ಮಾತಿನಿಂದ ಆರಂಭವಾಗುವ ಆ ವರದಿಯ ನಾಯಕ ಮಾತ್ರ ಒಂದು ತಂಬಿಗೆ. ಅದೇ ಚಿಂತನೆಯ ನೆರಳಿನಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಈಮ್ಸ್ ದಂಪತಿ ತಂಬಿಗೆಯನ್ನು ನೋಡಿದ ಬಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಎಷ್ಟು ನೀರು ಹಿಡಿಯಬೇಕು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ, ಕೈಯಲ್ಲೋ? ತುಂಬಿದಾಗ, ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ? ಮುಟ್ಟಿದರೆ ಹೇಗನಿಸುತ್ತದೆ, ತಗುಲಿದರೆ ಹೇಗೆ ಸದ್ದಾಗುತ್ತದೆ, ಕೊನೆಗೆ ಗುಜರಿಗೆ ಹಾಕಿದರೆ ಎಷ್ಟು ಬರುತ್ತದೆ? ಇದನ್ನು ಯಾರೋ ಒಬ್ಬರು ರೂಪಿಸಿದ್ದಲ್ಲ, ತಲೆಮಾರುಗಳು ರೂಪಿಸಿದ್ದು ಎಂಬ ಅವರ ತೀರ್ಮಾನವೂ ಸರಿಯೇ. ಆದರೆ ಆ ಉದ್ದನೆಯ ಪಟ್ಟಿಯಲ್ಲಿ ಒಂದು ಪ್ರಶ್ನೆ ಇಲ್ಲ: ಇದನ್ನು ಯಾರು ಮುಟ್ಟಬಹುದು?

ಈ ಪ್ರಶ್ನೆ ಹೊರಗಿನಿಂದ ತಂದು ಹೇರಿದ್ದಲ್ಲ, ತಂಬಿಗೆಯ ಮೈಯಲ್ಲೇ ಇದೆ. ಕಿರಿದಾದ ಕೊರಳು, ಹೊರಚಾಚಿದ ಬಾಯಂಚು. ಕೊರಳಿಗೆ ಬೆರಳು ಸುತ್ತಿ ಬಗ್ಗಿಸಿದರೆ ನೀರು ಒಂದೇ ಧಾರೆಯಾಗಿ ಬೀಳುತ್ತದೆ. ಎತ್ತಿ ಕುಡಿ, ಕಚ್ಚಿ ಕುಡಿಯಬೇಡ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಎಂಜಲಿನ ಪಾಠಕ್ಕೆ ಈ ಆಕಾರ ಒದಗಿಬರುತ್ತದೆ. ಅದೇ ಧಾರೆ, ಪಾತ್ರೆ ಮುಟ್ಟಲು ಅವಕಾಶವಿಲ್ಲದವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯಲೂ ಒದಗಿತು. ಲೋಹಕ್ಕೂ ಇಂಥದೇ ಕಥೆಯಿದೆ. ಮೈಲಿಗೆಯಾದ ಮಣ್ಣಿನ ಪಾತ್ರೆಯನ್ನು ಬಿಸಾಡಬೇಕಿತ್ತು. ಹಿತ್ತಾಳೆ, ತಾಮ್ರಗಳನ್ನು ಬೂದಿ, ಹುಣಸೆಹುಳಿ ಹಾಕಿ ಉಜ್ಜಿದರೆ ಮಡಿಯಾಗುತ್ತಿತ್ತು. ಹಾಗಾಗಿ ಲೋಹದ ಬೆಲೆಯನ್ನು ಗುಜರಿಯ ತಕ್ಕಡಿಯೊಂದರಲ್ಲೇ ತೂಗಲಾಗದು.

ವರದಿ ಬರುವ 31 ವರ್ಷ ಮೊದಲೇ, 1927ರ ಮಾರ್ಚ್ 20ರಂದು, ಅಂಬೇಡ್ಕರ್ ದಲಿತರಿಗೆ ಮುಟ್ಟಲು ಬಿಡದಿದ್ದ ಮಹಾಡದ ಚವದಾರ್ ಕೆರೆಯ ನೀರು ಕುಡಿದಿದ್ದರು. ನೀರು, ಕೈ, ಪಾತ್ರೆಗಳ ನಂಟು ಈ ದೇಶದಲ್ಲಿ ಎಂಥದು ಎಂಬುದು ಆಗಲೇ ಬಯಲಾಗಿತ್ತು. ಅತಿಥಿಗಳ ಕಣ್ಣು ತಪ್ಪಿದ್ದನ್ನು ಕ್ಷಮಿಸಬಹುದು. ಆ ವರದಿಯನ್ನು ದಶಕಗಳ ಕಾಲ ಪಾಠವಾಗಿ ಓದಿದ ನಮ್ಮ ವಿನ್ಯಾಸ ವಿಮರ್ಶೆಯ ಮೌನ ನನ್ನನ್ನು ಹೆಚ್ಚು ಕಾಡುತ್ತದೆ.

ಸಮಕಾಲೀನ ಕಲೆಯಲ್ಲಿ ಪಾತ್ರೆಗಳು ಮತ್ತೆ ಬಂದವು. ಸುಬೋಧ್ ಗುಪ್ತಾ 2006ರಲ್ಲಿ ಸ್ಟೀಲ್ ಪಾತ್ರೆಗಳನ್ನು ಜೋಡಿಸಿ ದೈತ್ಯ ತಲೆಬುರುಡೆ ಕಟ್ಟಿದರು. ಹಸಿವು, ಕೊಳ್ಳುಬಾಕತನ ಎಂದು ಅದನ್ನು ಓದುವುದು ಸುಲಭ. ಪಾತ್ರೆ ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂದೂ ಓದಬೇಕಿದೆ.

ಕರ್ನಾಟಕದ ಹಳ್ಳಿಗಳ ಚಹಾ ಹೋಟೆಲುಗಳಲ್ಲಿ ಕಂಡುಬಂದ, ದಲಿತರಿಗೆ ಬೇರೆ ಲೋಟವಿಡುವ ಎರಡು ಲೋಟದ ಪದ್ಧತಿಯನ್ನೇ ನೋಡಿ. ಎರಡೂ ಒಂದೇ ಅಂಗಡಿಯಲ್ಲಿ ಕೊಂಡ ಲೋಟಗಳಾಗಿರಬಹುದು. ಅಳತೆ, ತೂಕ, ಅಂಚು, ಬಡಿದರೆ ಬರುವ ಸದ್ದು ಎಲ್ಲವೂ ಒಂದೇ. ಈಮ್ಸ್ ಪಟ್ಟಿ ಹಿಡಿದು ಪರೀಕ್ಷಿಸಿದರೆ ಎರಡಕ್ಕೂ ಸಮಸಮ ಅಂಕ. ಒಂದು ಒಳಗಿನ ಹಲಗೆಯ ಮೇಲಿದೆ, ಇನ್ನೊಂದು ಹೊರಗೆ ಸೂರಿನ ಕೆಳಗೆ.